ಟಿವಿಯ ದೇವಿಗೆ ಮಲಕವ್ವ ಅಂದ ಮಾತು

ಮಾಯಕ್ಕ ದೇವಿಯ ಗುಡಿಯಿರುವ ಚಿಂಚಲಿಯ ಸಮೀಪದ ಕುರಿಗಾರರ ಓಣಿಯಲ್ಲಿ ಮಲಕವ್ವನ ಬಾಯಿಗೆ ಸಿಗದ ಧಾರಾವಾಹಿಯಿರಲಿಲ್ಲ. ಕನ್ನಡದ್ದನ್ನೂ ನೋಡುವಳು, ಮರಾಠಿಯದ್ದನ್ನೂ ನೋಡುವಳು. “ಮರಾಠಿ ಸೊಸಿ ಮಲಗೂವಾಗೂ ನತ್ತ ತಗ್ಯಾಂಗಿಲ್ಲ. ನಮ್ಮಾಕಿ ಇಪ್ಪತ್ತ ಮಂದಿಗಿ ಅಡಗಿ ಮಾಡ್ತಾಳ, ಮುಸುರಿ ಮಾತ್ರ ತಿಕ್ಕಾಂಗಿಲ್ಲ!” ಎಂದರೆ ನೆರೆಮನೆಯ ಸುಂದ್ರವ್ವ ಸೆರಗು ಬಾಯಿಗೊತ್ತಿ ನಗುವಳು. ಗುಡಿಯಲ್ಲಿ ಪುರಾಣ ಓದುವಾಗಲೂ ಮಲಕವ್ವ ಮುಂದಿನ ಸಾಲಿನಲ್ಲೇ. ಅಲ್ಲಿ ಕೇಳಿದ್ದನ್ನು ಟಿವಿಯಲ್ಲಿ ಕಂಡದ್ದಕ್ಕೆ ತಾಳೆ ಹಾಕದೆ ಅವಳಿಗೆ ಊಟ ರುಚಿಸದು.

ಅಂದು ಸಂಜೆ ಮಾಯಕ್ಕನ ಕಥೆಯ ಹೊಸದೊಂದು ಪೌರಾಣಿಕ ಧಾರಾವಾಹಿ ಆರಂಭವಾಯಿತು. ದೇವಿ ಪ್ರತ್ಯಕ್ಷಳಾದೊಡನೆ ಮಲಕವ್ವನ ಮನೆಯಲ್ಲಿ ಕೂಡಿದ್ದ ಹೆಂಗಸರೆಲ್ಲ ಕೈಮುಗಿದರು. ಸುಂದ್ರವ್ವ ಟಿವಿಯ ಗಾಜಿಗೆ ಭಂಡಾರದ ಅರಿಶಿನವನ್ನೇ ಹಚ್ಚಿದಳು.

“ಇಕಿ ಎಲ್ಲಿ ದೇವಿ ಬೇ?” ಎಂದಳು ಮಲಕವ್ವ. “ಹ್ವಾದ ವರ್ಷ ಬ್ಯಾರೆ ಧಾರಾವಾಹ್ಯಾಗ ಅತ್ತಿಗಿ ಹಾಲಾಗ ವಿಷ ಹಾಕಿದಾಕಿ! ಕಣ್ಣಾಗ ಕರುಣಾ ಇಲ್ಲ, ಬರೇ ರೆಪ್ಪಿಕೂದಲ ಅದಾವ.”

ಯಾರೂ ನಗಲಿಲ್ಲ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಸುಜಾತಾ ಮೂಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಅವಳತ್ತ ಕಣ್ಣು ಹಾಯಿಸಿ ಸುಂದ್ರವ್ವ, “ಮನ್ಯಾಗ ಬಸುರಿ ಇಟಗೊಂಡು ತಾಯಿಗಿ ಹಿಂಗ ಅಂತಿಯಲ್ಲ” ಎಂದಳು.

ಮರುದಿನವೇ, ದಿನ ತುಂಬುವ ಮುನ್ನವೇ, ಸುಜಾತಾಳಿಗೆ ನೋವು ಕಾಣಿಸಿತು. ಆಸ್ಪತ್ರೆಯಲ್ಲಿ ನರ್ಸ್, “ಕೂಸು ಅಡ್ಡ ಐತ್ರಿ, ಆಪರೇಶನ್ ಮಾಡಬೇಕ್ರಿ” ಎಂದು ಬಾಗಿಲೆಳೆದುಕೊಂಡಳು. ಮಲಕವ್ವ ಗೋಡೆಗಾತು ಕುಳಿತಳು. ತನ್ನ ನಾಲಿಗೆಯೇ ಮಗಳ ಹೊಟ್ಟೆಯೊಳಗೆ ಅಡ್ಡ ತಿರುಗಿತೇ?

“ಇನ್ನೂ ಹೊತ್ತ ಐತಿ, ತಪ್ಪಾತು ಅನ್ನು” ಎಂದು ಸುಂದ್ರವ್ವ ಮೊಬೈಲಿನಲ್ಲಿ ಅದೇ ದೇವಿಯ ಚಿತ್ರ ತೆಗೆದು ಮುಂದೆ ಹಿಡಿದಳು. “ವೇಷ ಛಲೋ ಮಾಡೀ ತಾಯಿ ಅನ್ನು, ಸಾಕು.”

ಮಲಕವ್ವ ಕೈಜೋಡಿಸಿದಳು. ಬಾಯಿ ತೆರೆದಳು. ಚಿತ್ರವನ್ನು ನೋಡಿದಳು. ನಟಿ ಹುಬ್ಬು ಗಂಟಿಕ್ಕಿ ಹಾಗೆಯೇ ದಿಟ್ಟಿಸುತ್ತಿದ್ದಳು. ಎಷ್ಟು ನೋಡಿದರೂ ಆ ಕಣ್ಣಿನಲ್ಲಿ ಕರುಣೆಯಿಲ್ಲ. ಹೆದರಿಕೆಯ ಹೊತ್ತಿನಲ್ಲಿ ದೇವರನ್ನು ಸಿಹಿಮಾತಿನಿಂದ ಓಲೈಸಲು ಹೊರಡುವವರು ನಾವೆಲ್ಲರೂ. ಆದರೆ ಹಸಿ ಸುಳ್ಳನ್ನು ಆ ತಾಯಿಯ ಮುಂದೆಯೇ ಆಡುವುದು ಹೇಗೆ? ಇದ್ದ ತಪ್ಪಿನ ಮೇಲೆ ಅದು ಇನ್ನೊಂದು ತಪ್ಪಾಗದೇ?

ಅವಳು ಮೊಬೈಲನ್ನು ಸರಿಸಿ ಚಿಂಚಲಿಯ ದಿಕ್ಕಿಗೆ ಸೆರಗೊಡ್ಡಿದಳು.

“ಮಾಯಕ್ಕ ತಾಯಿ, ಆ ಹುಡುಗಿ ನಿನ್ನ ವೇಷ ಛಲೋ ಮಾಡಿಲ್ಲ. ಮಾಡ್ಯಾಳ ಅಂತ ನನಗ ಹೇಳಾಕ ಬರಾಂಗಿಲ್ಲ. ನಿನ್ನ ಕಣ್ಣ ಹಂಗಿಲ್ಲ ಅಂತ ಸಿಟ್ಟ ಬಂದಿತ್ತು. ತಪ್ಪಿದ್ರ ನನ್ನನ್ನ ತಗೋ. ಕೂಸಿನ ಗೊಡವಿಗಿ ಹೋಗಬ್ಯಾಡ.”

“ಅಯ್ಯ ಶಿವನ, ಮತ್ತ ಅದನ್ನ ಅಂತಾಳ!” ಎಂದು ಸುಂದ್ರವ್ವ ಕಿವಿ ಮುಚ್ಚಿಕೊಂಡಳು.

ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಕೊನೆಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಮಲಕವ್ವ ಅಲುಗಲಿಲ್ಲ. ನರ್ಸ್ ಹೊರಬಂದಾಗ ಒಂದೇ ಮಾತು ಕೇಳಿದಳು: “ನನ್ನ ಮಗಳು?”

“ಇಬ್ಬರೂ ಅರಾಮ ಅದಾರ್ರಿ. ಹೆಣ್ಣ ಕೂಸು.”

ಸುಂದ್ರವ್ವ ರಟ್ಟೆ ಹಿಡಿದೆಬ್ಬಿಸಿ, “ನಡಿ ಬೇ, ತಾಯಿ ನಿನ್ನ ಮಾತ ಕೇಳ್ಯಾಳ” ಎಂದಳು.

“ಆಡಿದ್ದೆಲ್ಲಾ ಕೇಳ್ತಾಳಲ್ಲ, ಅದಕ್ಕನ ಹೆದರಿಕಿ,” ಎಂದಳು ಮಲಕವ್ವ, ಮೆಲ್ಲಗೆ.