ಗೇಟಿನ ಮೇಲಿನ ಗುಂಡ

ಬಟ್ಟೆ ಕಾರ್ಖಾನೆಯಲ್ಲಿ ಕೂಸಿನ ಮನೆ ತೆರೆದ ದಿನವೇ ಆಯಮ್ಮ ಕಾಲರಕ್ಕನನ್ನು ಮೊದಲು ಕಂಡದ್ದು. ಆಯಮ್ಮ ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸೇರಿದ್ದ ಮುದುಕಿ. ಬಂದವಳು ಅಂಗಿಗೆ ಕಾಲರ್ ಹೊಲಿಯುವವಳು, ಹಾಗಾಗಿ ಎಲ್ಲರ ಬಾಯಲ್ಲೂ ಕಾಲರಕ್ಕ. ಸೊಂಟದ ಮೇಲೆ ಮಗ ಗುಂಡ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ನೆಲ, ಕಿಟಕಿ, ತೊಟ್ಟಿಲು ಎಲ್ಲವನ್ನೂ ಕಣ್ಣಲ್ಲೇ ತೂಗಿದಳು.

"ಮಗು ಬಿದ್ರೆ ಎತ್ತೋರು ಯಾರು?"

"ನಾನೇ ತಾಯಿ."

"ನೀವು ಬಿದ್ರೆ?"

ಆಯಮ್ಮ ನಕ್ಕುಬಿಟ್ಟಳು. ಗುಂಡ ಅವಳ ತೋಳಿಗೆ ಬಂದ.

ಹೊಲಿಗೆಯವರೆಲ್ಲ ಕೈಕೊಟ್ಟು ಪಕ್ಕದ ಕಾರ್ಖಾನೆಗೆ ಜಾರುತ್ತಿದ್ದ ಕಾಲ ಅದು. ಅವರನ್ನು ಹಿಡಿದಿಡಲೆಂದೇ ಮ್ಯಾನೇಜರ್ ಸಾಹೇಬರು ಕೂಸಿನ ಮನೆ ಮಾಡಿಸಿ, ಗೋಡೆಗೆ ಆನೆ ಬರೆಸಿದ್ದರು. ಪಕ್ಕದವರು ಹೆಚ್ಚು ಸಂಬಳಕ್ಕೆ ಕರೆದಾಗಲೂ ಕಾಲರಕ್ಕ ಹೋಗಲಿಲ್ಲ. "ದುಡ್ಡು ನನ್ನ ಮಗನ ಮೂಗು ಒರೆಸುತ್ತಾ?" ಅಂದಳು. ಗಂಡ ಬಿಟ್ಟುಹೋದವಳು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಒಂದು ದಿನ ಸಾಹೇಬರು ಫೋಟೋದವನನ್ನು ಕರೆತಂದರು. ಉಳಿದ ಮಕ್ಕಳು ಹೆದರಿ ಅತ್ತವು. ಗುಂಡ ಮಾತ್ರ ಆಯಮ್ಮನ ಸೆರಗು ಹಿಡಿದು ಕಿಸಕ್ಕನೆ ನಕ್ಕ. ಕೆಲವೇ ದಿನಗಳಲ್ಲಿ ಗೇಟಿನ ಮೇಲೆ ಚಾಪೆಗಿಂತ ಅಗಲದ ಫ್ಲೆಕ್ಸ್ ಏರಿತು. ಅದರ ತುಂಬ ಗುಂಡನ ನಗು. ಕೆಳಗಿನ ಬರಹವನ್ನು ಆಯಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ನೀವು ದುಡಿಯಿರಿ, ಕಂದನ ಚಿಂತೆ ನಮಗಿರಲಿ. ಚಿತ್ರದಲ್ಲಿ ಅವಳ ಸೆರಗಿನ ತುದಿ ಇತ್ತು, ಅವಳಿರಲಿಲ್ಲ.

"ನಿನ್ನ ಮಗ ಸಾಹೇಬರಿಗಿಂತ ಮೇಲೆ ಕೂತ ಕಣೇ!" ಎಂದು ಜೊತೆಯವರು ಛೇಡಿಸಿದರು.

"ಅವನೊಬ್ಬನೇ ಏರಿದ್ದು. ನನ್ನ ಸಂಬಳ ಅಲ್ಲೇ ಬಿದ್ದಿದೆ," ಎಂದಳು ಕಾಲರಕ್ಕ.

ಮಳೆಗಾಲ ಬಂತು. ಅವಳ ತಗಡಿನ ಮನೆ ಸೋರಿ, ಒದ್ದೆ ಹಾಸಿಗೆಯಲ್ಲಿ ಮಲಗಿದ ಗುಂಡನಿಗೆ ಜ್ವರ ಹಿಡಿಯಿತು, ಎದೆಯಲ್ಲಿ ಗೊರಗೊರ. ಬೆಳಿಗ್ಗೆ ಎತ್ತಿಕೊಂಡು ಬಂದವಳಿಗೆ ಸೂಪರ್‌ವೈಸರ್ ಗೇಟಿನಲ್ಲೇ ಅಡ್ಡ ನಿಂತ.

"ಜ್ವರದ ಮಗುನ ಒಳಗೆ ಬಿಡೋ ಹಾಗಿಲ್ಲ. ಬೇರೆ ಮಕ್ಕಳಿಗೆ ಅಂಟುತ್ತೆ."

"ಹಾಗಾದ್ರೆ ರಜೆ ಕೊಡಿ ಸಾರ್."

"ಆರ್ಡರ್ ಕತ್ತಿನ ಮೇಲೆ ಕೂತಿದೆ. ಕಾಲರ್ ಇಲ್ಲದ ಅಂಗಿ ಕಳಿಸಲಾ?"

"ಇವನನ್ನ ಎಲ್ಲಿ ಬಿಡಲಿ?"

"ಅದು ನಿಮ್ಮ ಮನೆ ವಿಷಯ."

"ನಾನು ಬೇರೆ ಕೋಣೇಲಿ ಮಲಗಿಸ್ಕೋತೀನಿ ಸಾರ್," ಎಂದಳು ಗೇಟಿಗೆ ಓಡಿಬಂದ ಆಯಮ್ಮ.

"ನಿಮಗೂ ಮನೇಲಿ ಕೂರೋ ಆಸೆನಾ?"

ಕಾಲರಕ್ಕ ಒಮ್ಮೆ ತಲೆಯೆತ್ತಿ ಫ್ಲೆಕ್ಸ್ ನೋಡಿದಳು. ಆಮೇಲೆ ಮಗನ ತಲೆಗೆ ಸೆರಗು ಹೊದಿಸಿ ಆಸ್ಪತ್ರೆಯ ದಾರಿ ಹಿಡಿದಳು.

ಗುಂಡ ಉಳಿದ, ಕೆಲಸ ಉಳಿಯಲಿಲ್ಲ. ಅವನು ಚೇತರಿಸಿಕೊಂಡ ಮೇಲೆ ಬಂದು ನೋಡಿದರೆ ಅವಳ ಮೆಷಿನ್ ಮುಂದೆ ಹೊಸಬಳು ಕೂತಿದ್ದಳು. ಗೇಟಿನ ಮೇಲಿನ ನಗು ನಂಬಿ, ಎಳೆಗೂಸನ್ನು ಕಟ್ಟಿಕೊಂಡು ಬಂದವಳು ಅವಳು. ಪಕ್ಕದ ಕಾರ್ಖಾನೆಗೆ ಕೆಲಸ ಕೇಳಿ ಹೋದರೆ, ಅವರು ಗುಂಡನನ್ನು ನೋಡಿದ್ದೇ, ಮಗು ಇರೋರು ನಮಗೆ ಬೇಡ ಎಂದರು.

ಅಲ್ಲಿಂದ ಮರಳುವಾಗ ಕಾಲರಕ್ಕ ಗೇಟಿನ ಹೊರಗೆ ಆಯಮ್ಮನ ಕೈ ಹಿಡಿದಳು. ಅಳಲಿಲ್ಲ. ಜಡಿಮಳೆ. ಫ್ಲೆಕ್ಸಿನ ಮೇಲೆ ಬಿದ್ದ ನೀರು ಗುಂಡನ ಕೆನ್ನೆಯಿಂದ ಜಾರಿ ಕೆಳಗಿಳಿಯುತ್ತಿತ್ತು, ಒಂದು ಹನಿಯೂ ಒಳಗೆ ಇಂಗುತ್ತಿರಲಿಲ್ಲ. ಅದನ್ನೇ ನೋಡುತ್ತ ನಿಂತಳು.

"ಗಟ್ಟಿ ಶೀಟು. ಇಳಿಸಿದ ದಿನ ಬಿಸಾಡೋಕೆ ಬಿಡದೆ ನನಗೆ ಎತ್ತಿಡ್ತೀರಾ ಆಯಮ್ಮ? ಸೂರು ಇನ್ನೂ ಸೋರ್ತಾ ಇದೆ."