ದೊಡ್ಡವ್ವನ ನಡಿಗೆಗೆ ನಾನು ಹಾಕಿದ ಕತ್ತರಿ

ಗದಗಿನ ಟೆಂಟ್ ಸಿನೆಮಾದಲ್ಲಿ ಹರಿದ ಫಿಲ್ಮ್ ಅಂಟಿಸುತ್ತ ಅಂಟಿಸುತ್ತ ತಾನಾಗಿ ಬಂದ ವಿದ್ಯೆ ನನ್ನದು. ಅದರ ಧೈರ್ಯದ ಮೇಲೆಯೇ ಕೊಲ್ಹಾಪುರದ ಒಂದು ಸ್ಟುಡಿಯೋ ಸೇರಿ ಎಡಿಟರ್ ಆದೆ. ಕೆಲವು ವರ್ಷ ಬೇರೆಯವರ ಚಿತ್ರಗಳನ್ನು ಕತ್ತರಿಸಿದ ಮೇಲೆ, ನನ್ನದೇ ಒಂದು ಚಿತ್ರ ಯಾಕಿರಬಾರದು ಅನ್ನಿಸಿತು. ಕೆಲಸ ಬಿಟ್ಟು ಹಳೆಯ ಕ್ಯಾಮೆರಾ ಒಂದನ್ನು ಹೊತ್ತು ಮಲ್ಲಸಮುದ್ರಕ್ಕೆ ಬಂದುಬಿಟ್ಟೆ. ಕಥೆ ಮನೆಯಲ್ಲೇ ಸಿಕ್ಕಿತು.

ನನ್ನ ದೊಡ್ಡವ್ವ ಮಗಳನ್ನು ಮುಂಡರಗಿಯ ಆಚೆ, ಹೈದರಾಬಾದ್ ಸೀಮೆಗೆ ಕೊಟ್ಟಿದ್ದಳು. ಮಗಳಿಗೆಂದು ಬುತ್ತಿ ಒಯ್ದರೆ ಗಡಿಯ ನಾಕಾದ ಸುಂಕದವರು ಗಂಟು ಬಿಚ್ಚಿಸಿ ರೊಟ್ಟಿ ಎತ್ತಿ ಎತ್ತಿ ನೋಡುತ್ತಿದ್ದರು. ಆ ಸಿಟ್ಟಿಗೇ ಹರಕೆ ಹೊತ್ತಳು: ಕನ್ನಡ ನಾಡು ಒಂದಾದರೆ ಬರಿಗಾಲಲ್ಲಿ ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ ಹೋಗುತ್ತೇನೆ ಎಂದು. ನಾಡು ಒಂದಾಯಿತು, ದೊಡ್ಡವ್ವ ಶಿರಹಟ್ಟಿ ಹಾದು ಲಕ್ಷ್ಮೇಶ್ವರದವರೆಗೂ ನಡೆದಳು. ನಾನು ಪಕ್ಕದಲ್ಲಿ ಚಕ್ಕಡಿಯಲ್ಲಿ ಕೂತು, ಮಂಡಕ್ಕಿ ತಿನ್ನುತ್ತ, ಕ್ಯಾಮೆರಾ ತಿರುಗಿಸಿದೆ.

ಎಡಿಟರ್ ಬುದ್ಧಿ ಸುಮ್ಮನಿರಬೇಕಲ್ಲ. ಪಾತ್ರಗಳು ನಡೆಯುವುದನ್ನು ತೋರಿಸಿದರೆ ಜನ ಆಕಳಿಸುತ್ತಾರೆ ಎಂದು ಸ್ಟುಡಿಯೋದಲ್ಲಿ ಕಲಿತಿದ್ದೆ. ನನ್ನ ಚಿತ್ರದಲ್ಲಿ ದೊಡ್ಡವ್ವ ಮನೆಯ ಬಾಗಿಲು ಹಾಕುತ್ತಾಳೆ. ಮರುಕ್ಷಣವೇ ಗುಡಿಯ ಗಂಟೆ ಬಾರಿಸುತ್ತಾಳೆ. ಎಂಥ ಚುರುಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಟೆಂಟಿನವರ ಎಂಜಿನ್ನು, ಪ್ರೊಜೆಕ್ಟರು ಬೇಡಿ ತಂದು, ಚಾವಡಿಯ ಮುಂದೆ ಬಿಳಿ ಧೋತರ ಕಟ್ಟಿ ಊರಿಗೆಲ್ಲ ತೋರಿಸಿದೆ. ಮಗಳ ಅತ್ತೆ ಮಾವನೂ ಬಂದಿದ್ದರು. ಗಂಟೆ ಬಾರಿಸುವುದನ್ನು ನೋಡಿದ್ದೇ ತಡ, ಬೀಗತಿ ಮೆಲ್ಲಗೆ ಅಂದಳು:

"ಹರಕಿ ಭಾಳ ಹಗುರ ಇತ್ತು ನೋಡ್ರಿ ಬೀಗತಿ. ಮೋಟಾರಿನ್ಯಾಗ ಹತ್ತಿ ಇಳದಂಗ ಆತು."

ಜನ ಗೊಳ್ಳೆಂದರು. ದೊಡ್ಡವ್ವ ಮನೆಗೆ ಬಂದವಳೇ ನನ್ನ ಮುಂದೆ ನಿಂತಳು.

"ನಡದಾಕಿ ನಾನು, ನುಂಗಿದಾಂವ ನೀನು. ನನ್ನ ಹಾದಿ ಎಲ್ಲೈತಿ, ತಗೀ."

ನಡುವೆ ನಡೆದದ್ದು ನೋಡುವವರಿಗೆ ತಾನಾಗಿ ತಿಳಿಯುತ್ತದೆ, ಅದೇ ಸಿನೆಮಾದ ಜಾಣತನ ಎಂದು ವಿವರಿಸಿದೆ.

"ಬೀಗತಿಗೆ ತಿಳೀತೇನು?" ಅಂದಳು.

ಬೀಗರು ಇನ್ನೊಂದು ದಿನ ಇರುವವರಿದ್ದರು. ಅವರು ಹೀಗೇ ಹೊರಟರೆ ಮೋಟಾರಿನ ಮಾತು ಮುಂಡರಗಿ ದಾಟುತ್ತಿತ್ತು. ಮಗಳು ಆ ಮನೆಯಲ್ಲಿ ದಿನಾ ಅದನ್ನೇ ಕೇಳಬೇಕಾಗುತ್ತಿತ್ತು. ಮರುದಿನ ಬೆಳಗಿನಿಂದ ಕತ್ತರಿಸಿದ ತುಂಡುಗಳನ್ನೆಲ್ಲ ಹುಡುಕಿ ಅಂಟಿಸುತ್ತ ಕೂತೆ. ಕಪ್ಪು ಹೊಲ, ಜಾಲಿಗಿಡ, ಮತ್ತೆ ಹೊಲ, ಕಾಲಿನ ಮುಳ್ಳು ಕೀಳಲು ದೊಡ್ಡವ್ವ ಬಗ್ಗಿದ್ದು, ಹಿಂದೆ ಹತ್ತಿದ ನಾಯಿ, ಯಾವುದನ್ನೂ ಬಿಡಲಿಲ್ಲ.

ಸಂಜೆ ಮತ್ತೆ ಧೋತರ ಕಟ್ಟಿದೆವು. ದೊಡ್ಡವ್ವ ನಡೆದಳು, ನಡೆದಳು, ನಡೆಯುತ್ತಲೇ ಇದ್ದಳು. ಮೊದಲು ಹಿಂದಿನವರು ನಕ್ಕರು; ಆಮೇಲೆ ಯಾರೋ, ಆ ಬೇವಿನ ನೆರಳಿಗಾದರೂ ನಿಲ್ಲಬಾರದೇ ಈ ಮುದುಕಿ ಎಂದು ಗೊಣಗಿದರು. ನಗು ನಿಂತಿತು. ಬೀಗತಿ ಕೂತಲ್ಲೇ ಕಾಲು ಚಾಚಿದಳು, ಮಡಚಿದಳು, ಮೊಣಕಾಲು ಒತ್ತಿಕೊಂಡಳು. ಕೊನೆಗೆ ತಡೆಯದೆ, "ಸಾಕು ಬಿಡ್ರಿ ಬೀಗತಿ, ನೋಡಿ ನೋಡಿ ನನ್ನ ಕಾಲು ನೋಯಾಕ ಹತ್ತ್ಯಾವು" ಎಂದು ಏಳಹೋದಳು.

ದೊಡ್ಡವ್ವ ಪರದೆಯಿಂದ ಕಣ್ಣು ತೆಗೆಯದೆ ಅವಳ ಸೆರಗು ಹಿಡಿದಳು.

"ಕುಂಡ್ರಿ. ಇನ್ನ ಶಿರಹಟ್ಟಿನ ಬಂದಿಲ್ಲ."