ಕುಂಡ್ರಿ ಅನ್ನದ ಮನಿ

ಬೈಲಹೊಂಗಲದಲ್ಲಿ ನಾನು ತೆಗೆದುಕೊಂಡ ಮೊದಲ ತರಗತಿಯಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ಕುರ್ಚಿಗಳಿದ್ದವು, ಒಂದೊಂದು ಕುರ್ಚಿಯ ಮುಂದೆ ಒಂದೊಂದು ಕಂಪ್ಯೂಟರ್ ಇತ್ತು. ಚಪ್ಪಲಿಗಳನ್ನು ಬಾಗಿಲಾಚೆ ಸಾಲಾಗಿ ಬಿಟ್ಟು ಒಳಗೆ ಬಂದ ಹೆಂಗಸರು ಮಾತ್ರ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. 'ಕೂತ್ಕೊಳ್ಳಿ' ಅಂದೆ. 'ಹೂನ್ರಿ' ಅಂದರು, ನಿಂತೇ ಇದ್ದರು. ಅವರೆಲ್ಲ ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಕಲಿಸುವವರು, ಹೆಚ್ಚುಕಡಿಮೆ ನನ್ನ ಅಮ್ಮನ ವಯಸ್ಸಿನವರು. ಇನ್ನೇನು ಶಾಲೆಗಳಿಗೆಲ್ಲ ಕಂಪ್ಯೂಟರ್ ಬರುತ್ತದಂತೆ ಎಂಬ ಸುದ್ದಿ ಕೇಳಿ, ಶನಿವಾರದ ಬೆಳಗಿನ ಶಾಲೆ ಮುಗಿಸಿ, ಬಸ್ಸು ಹಿಡಿದು ಬಂದಿದ್ದರು. ಕಲಿಯಲು ಇಷ್ಟು ಕಷ್ಟಪಟ್ಟು ಬಂದವರು ಕೂರಲು ಯಾಕೆ ಒಲ್ಲೆನ್ನುತ್ತಾರೆ ಎಂದು ನನಗೆ ತಿಳಿಯಲಿಲ್ಲ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ನೇಸರಗಿ ಶಾಲೆಯ ಮಹಾದೇವಿ ಎನ್ನುವವರು ಕನಿಕರಪಟ್ಟು ಬಾಯಿಬಿಟ್ಟರು.

"ನೀವ ನಿಂತೀರಲ್ರಿ ಅಕ್ಕೋರ. ಕಲಸಾವ್ರು ನಿಂತಾಗ ನಾವು ಹೆಂಗ ಕುಂಡ್ರೂದ್ರಿ?"

ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಈ ಕಡೆ ಅಕ್ಕೋರು ಎನ್ನುತ್ತಾರೆ. ಒಂದಿಡೀ ಊರಿಗೆ ಅಕ್ಕೋರಾದವರು, ಆಗಷ್ಟೇ ಡಿಪ್ಲೊಮಾ ಮುಗಿಸಿ ಬಂದಿದ್ದ ನನ್ನನ್ನು ಹಾಗೆ ಕರೆದಾಗ ನನ್ನ ಕಿವಿ ಬಿಸಿಯಾಯಿತು. ಪಕ್ಕದ ಕುರ್ಚಿಯಲ್ಲಿ ಕುಳಿತೆ. ಎಲ್ಲರೂ ಕುಳಿತರು. ಒಬ್ಬರ ಪರದೆ ನೋಡೋಣವೆಂದು ನಾನು ಎದ್ದೆ. ಕುರ್ಚಿಗಳೆಲ್ಲ ಕಿರ್ರೆಂದವು, ಎಲ್ಲರೂ ಎದ್ದರು. ಹೀಗೆ ಏಳುತ್ತ ಕೂರುತ್ತ ಆ ದಿನದ ಪಾಠ ಮುಗಿಯಿತು. ಮೌಸ್ ಹಿಡಿಯುವುದಕ್ಕಿಂತ ಹೆಚ್ಚಾಗಿ ಬೈಠಕ್ ಹೊಡೆಯುವುದನ್ನೇ ಕಲಿಸಿದ ಹಾಗಾಗಿತ್ತು.

ನಮ್ಮ ಕುಂದಾಪುರದ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ, ನೀರು. ಇಲ್ಲಿ ಮೊದಲು ಕುರ್ಚಿ. 'ಬರ್ರಿ, ಕುಂಡ್ರಿ' ಎನ್ನುವುದು ಬಟ್ಟೆ ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ವಿಳಾಸ ಕೇಳಲು ನಿಂತ ಕಟ್ಟೆಯ ಹತ್ತಿರ, ಎಲ್ಲೆಲ್ಲೂ ಕೇಳುತ್ತಿತ್ತು. ಬಂದ ಮನುಷ್ಯ ನಿಂತಿದ್ದರೆ ಮನೆಯವರ ಜೀವಕ್ಕೆ ಸಮಾಧಾನವಿಲ್ಲ. ಹಾಗಿದ್ದ ಮೇಲೆ ಪಾಠ ಹೇಳುವವಳನ್ನು ನಿಲ್ಲಿಸಿ ತಾವು ಕೂರುವುದು ಅವರಿಂದಾಗುವ ಮಾತಾಗಿರಲಿಲ್ಲ.

ಇತ್ತ ನನ್ನನ್ನು ಇಲ್ಲಿಗೆ ಕಳಿಸಿದ್ದ ಕಂಪ್ಯೂಟರ್ ತರಬೇತಿ ಸಂಸ್ಥೆಯ ನಿಯಮ ಇದಕ್ಕೆ ತೀರ ವಿರುದ್ಧ. ಕಲಿಸುವವರು ಕೂರಕೂಡದು, ಕಲಿಯುವವರ ಬೆನ್ನ ಹಿಂದೆ ಓಡಾಡುತ್ತಿರಬೇಕು. ನಮ್ಮ ಕೆಲಸದಲ್ಲಿ ಮೂರು ಹಂತಗಳಿದ್ದವು. ಮೊದಲ ಹಂತದವರು ಸಂಸ್ಥೆ ಬರೆದುಕೊಟ್ಟ ಪಾಠವನ್ನು ಹಾಗೆಯೇ ಒಪ್ಪಿಸಬೇಕು. ಎರಡನೆಯವರು ಊರೂರಿಗೆ ಕಂಪ್ಯೂಟರ್ ಒಯ್ದು, ಅದು ಏನೇನು ಮಾಡುತ್ತದೆಂದು ತೋರಿಸಿ, ಜನರಿಗೆ ಅದರ ಮೇಲೆ ಮನಸ್ಸು ಬರುವಂತೆ ಮಾಡಬೇಕು. ಮೂರನೆಯ ಹಂತಕ್ಕೇರಿದರೆ ಸ್ವಂತ ಪಾಠ ಬರೆಯಬಹುದು, ಹೊಸ ಶಿಕ್ಷಕರನ್ನು ತಯಾರು ಮಾಡಬಹುದು. ಮುಖ್ಯವಾಗಿ, ಯಾವ ಊರಿನ ಕೇಂದ್ರ ಬೇಕೆಂದು ತಾವೇ ಆರಿಸಿಕೊಳ್ಳಬಹುದು. ನನಗೆ ಬೇಕಾಗಿದ್ದದ್ದು ಅದೊಂದೇ. ಉಡುಪಿಯ ಕೇಂದ್ರ ಸಿಕ್ಕರೆ ದಿನಾ ಸಂಜೆ ಅಮ್ಮನ ಕೈಯ ಊಟಕ್ಕೆ ಮನೆ ಸೇರಬಹುದಿತ್ತು.

ಅಲ್ಲಿಯವರೆಗೆ ತಲೆಯ ಮೇಲೊಂದು ಸೂರು ಬೇಕಲ್ಲ. ಒಬ್ಬಳೇ ಹುಡುಗಿ ಎಂದೊಡನೆ ಎಲ್ಲರೂ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಮನೆ ಮಾತ್ರ ಕೊಡಲಿಲ್ಲ. ಮತ್ತೆ ಮಹಾದೇವಿ ಅಕ್ಕೋರೇ ಕೈಹಿಡಿದರು.

"ಇಲ್ಲೇ ಬೈಲಹೊಂಗಲದಾಗಿನ ನಮ್ಮ ಮನ್ಯಾಗ ಒಂದ ಖೋಲಿ ಖಾಲಿ ಐತ್ರಿ. ಮನ್ಯಾವ್ರು ಸಕ್ಕರಿ ಕಾರ್ಖಾನ್ಯಾಗ ಇರತಾರ, ಎಂ.ಕೆ. ಹುಬ್ಬಳ್ಳ್ಯಾಗ. ವಾರಕ್ಕೊಮ್ಮಿ ಬಂದ್ರ ಬಂದ್ರು. ನನಗೂ ಜೋಡಿ ಆಗ್ತೈತಿ. ಮೀನಾ ಗೀನಾ ಮಾಡಂಗಿಲ್ಲ, ಅಷ್ಟ ನೋಡ್ರಿ."

ಖೋಲಿ ಎಂದರೆ ಕೋಣೆ. ಅಮ್ಮ ಕಟ್ಟಿಕೊಟ್ಟಿದ್ದ ಒಣಸಿಗಡಿಯ ಚಟ್ನಿಪುಡಿ ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ಕಿನೊಳಗೆ ಪ್ಲಾಸ್ಟಿಕ್ಕು ಸುತ್ತಿಕೊಂಡು ಮಲಗಿತು. ಊರಿನ ನೆನಪು ತಡೆಯಲಾಗದಾಗ ಟ್ರಂಕು ತೆರೆದು ಒಮ್ಮೆ ಮೂಸಿ ಮತ್ತೆ ಮುಚ್ಚುತ್ತಿದ್ದೆ. ಆ ವಾಸನೆ ಅಕ್ಕೋರಿಗೆ ಗೊತ್ತಾಗಿರಲಿಲ್ಲ ಎಂದು ಈಗಲೂ ನಂಬಲಾರೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊದಲ ವರ್ಷ ತುಂಬ ಅತ್ತೆ. ನಮ್ಮಲ್ಲಿ ಹಿತ್ತಲ ಬಾವಿಗೆ ಕೊಡ ಇಳಿಸಿದರೆ ನೀರು. ಇಲ್ಲಿ ನಳ ಬಂದ ದಿನ ಓಣಿಗೇ ಹಬ್ಬ, ಮನೆಯ ಲೋಟವೂ ತುಂಬಿ ಕೂರಬೇಕು. ಜೂನ್ ಬಂತೆಂದು ಕಿಟಕಿ ಮುಚ್ಚಿ ಮಳೆಗೆ ಕಾದರೆ ಬಂದದ್ದು ಬರೀ ಗಾಳಿ, ಹಾಸಿಗೆಯ ಮೇಲೆಲ್ಲ ಕರಿಮಣ್ಣಿನ ಧೂಳು. ಗಂಜಿ ಉಂಡು ಬೆಳೆದ ಹೊಟ್ಟೆಗೆ ಜೋಳದ ರೊಟ್ಟಿ ಮೊದಮೊದಲು ಒಗ್ಗಲಿಲ್ಲ. ತೆಂಗಿನಕಾಯಿಯಿಲ್ಲದೆ ಇವರು ಪಲ್ಯ ಹೇಗೆ ಮಾಡುತ್ತಾರೆ ಎಂದು ನಾನು ಬೆರಗಾದರೆ, ಎಲ್ಲದಕ್ಕೂ ಕಾಯಿ ಸುರಿದುಕೊಂಡು ನಮ್ಮವರು ಹೇಗೆ ಉಣ್ಣುತ್ತಾರೆ ಎಂದು ಅಕ್ಕೋರು ಬೆರಗಾಗುತ್ತಿದ್ದರು. ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ನೆಲಗಡಲೆಯ ಚಟ್ನಿಪುಡಿ, ಅದರ ಮೇಲೆ ಗಟ್ಟಿ ಮೊಸರು ಹಾಕಿಕೊಂಡು ತಿನ್ನಲು ಕಲಿತ ದಿನದಿಂದ ನನ್ನ ಅಳು ಸ್ವಲ್ಪ ಕಡಿಮೆಯಾಯಿತು.

ಏಳುವ ಕೂರುವ ತೊಂದರೆಗೂ ಉಪಾಯ ಹೊಳೆಯಿತು. ಕಚೇರಿಯ ಮೂಲೆಯಲ್ಲಿ ಕಾಲಿಗೆ ಚಕ್ರಗಳಿದ್ದ ಹಳೆಯ ಕುರ್ಚಿಯೊಂದಿತ್ತು. ಅದರಲ್ಲಿ ಕೂತೇ, ಕಾಲಿನಿಂದ ನೆಲ ನೂಕುತ್ತ, ಒಬ್ಬರಿಂದ ಒಬ್ಬರ ಬಳಿಗೆ ಜಾರಿಕೊಂಡು ಹೋಗತೊಡಗಿದೆ. ಶಿಕ್ಷಕಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆದರೆ ಪಕ್ಕಕ್ಕೆ ಬಂದು ಕೂತವಳ ಹತ್ತಿರ ಅವರು ಏನನ್ನೂ ಕೇಳಬಲ್ಲವರಾದರು. ಬರೆದದ್ದು ಒಮ್ಮೆಲೇ ಎಲ್ಲಿ ಮಾಯವಾಯಿತು, ವಿದ್ಯುತ್ ಹೋದರೆ ಒಳಗಿನದ್ದು ಉಳಿಯುತ್ತದೆಯೇ, ನಮ್ಮ ಕೈ ಬೆವತರೆ ಯಂತ್ರ ಕೆಡುತ್ತದೆಯೇ ಎಂದೆಲ್ಲ ಕೇಳುತ್ತಿದ್ದರು. ಬೆನ್ನ ಹಿಂದೆ ನಿಂತವಳನ್ನು ಇವನ್ನೆಲ್ಲ ಯಾರು ಕೇಳುತ್ತಾರೆ?

ಎರಡನೆಯ ಹಂತ ಬೇಗನೆ ಬಂತು. ಮಾನಿಟರನ್ನು ಅಕ್ಕೋರ ಕೌದಿಯಲ್ಲಿ ಸುತ್ತಿಕೊಂಡು (ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಹೊದಿಕೆಗೆ ಕೌದಿ ಎನ್ನುತ್ತಾರೆ) ಕೆಂಪು ಬಸ್ಸಿನಲ್ಲಿ ಸವದತ್ತಿ, ರಾಮದುರ್ಗ, ಕಿತ್ತೂರು ತಿರುಗಿದೆ. ಮಡಿಲಲ್ಲಿದ್ದ ಕೌದಿಯ ಗಂಟನ್ನು ಕೂಸೆಂದುಕೊಂಡು ಎದ್ದು ಸೀಟು ಬಿಟ್ಟುಕೊಟ್ಟವರಿದ್ದರು. ನಾನೂ ಸುಮ್ಮನೆ ಕೂತೆನೆನ್ನಿ. ಸವದತ್ತಿಯಲ್ಲಿ ಒಬ್ಬ ಹಿರಿಯರು ನನ್ನ ಪ್ರಾತ್ಯಕ್ಷಿಕೆಯನ್ನೆಲ್ಲ ಗಂಭೀರವಾಗಿ ನೋಡಿ, "ಮಳಿ ಯಾವಾಗ ಬರ್ತೈತಿ ಅಂತ ಇದಕ್ಕ ಗೊತ್ತಾಗ್ತೈತೇನ್ರಿ?" ಎಂದರು. ಇಲ್ಲವೆಂದೆ. "ಹಂಗಾರ ನಮ್ಮಂಗ ಐತಿ ಬಿಡ್ರಿ," ಎಂದು ಅದರ ತಲೆ ಸವರಿದರು. ರಾಮದುರ್ಗದ ನೇಕಾರರ ಓಣಿಯ ಹೆಂಗಸರು ಪರದೆಯ ಮೇಲಿನ ಸೀರೆಯ ಚಿತ್ರಕ್ಕೆ ನಾನು ತುಂಬಿದ ಬಣ್ಣ ನೋಡಿ ಮೂಗು ಮುರಿದರು, ಅಂಚಿಗೆ ಬೇರೆ ಬಣ್ಣ ಹಾಕಿಸಿಕೊಂಡರು. ಕಿತ್ತೂರಿನಲ್ಲಿ ಕರೆಂಟೇ ಇರಲಿಲ್ಲ. ಸತ್ತ ಪರದೆಯ ಮುಂದೆ ಬರೀ ಮಾತಿನಲ್ಲೇ ಕಂಪ್ಯೂಟರ್ ತೋರಿಸಿದೆ. ಕಲಿಸುವ ಕೆಲಸ ನನಗೆ ನಿಜವಾಗಿ ಹಿಡಿಸಿದ್ದು ಆ ದಿನ.

ಸಂಜೆ ದಣಿದು ಬಂದರೆ ಅಕ್ಕೋರು ಅಡುಗೆಮನೆಗೆ ಪ್ಲಾಸ್ಟಿಕ್ ಕುರ್ಚಿ ತಂದು, "ಬರ್ರಿ, ಕುಂಡ್ರಿ," ಎನ್ನುತ್ತಿದ್ದರು. ಎಷ್ಟೋ ತಿಂಗಳು ಹೀಗೇ ನಡೆಯಿತು. ಒಂದು ದಿನ ಅವರ ಶಾಲೆಯ ಗೆಳತಿಯೊಬ್ಬರು ಮನೆಗೆ ಬಂದರು. ಅವರಿಗೆ "ಬರ್ರಿ, ಕುಂಡ್ರಿ" ಆಯಿತು. ಕುರ್ಚಿ ಒಂದೇ. ನಾನು ಬಾಗಿಲಲ್ಲಿ ಏನು ಮಾಡುವುದೆಂದು ನಿಂತಿದ್ದೆ. ಅಕ್ಕೋರು ತಿರುಗಿ ನೋಡಿ ಗದರಿದರು.

"ನೀ ಯಾಕ ನಿಂತೀ? ಚಾಕ್ಕ ಇಡು, ಹೋಗು."

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಖುಷಿಗೆ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಆ ಮನೆಯಲ್ಲಿ ನನಗೆ ಯಾರೂ 'ಕುಂಡ್ರಿ' ಅನ್ನಲಿಲ್ಲ. ಬೇಕಾದಲ್ಲಿ ಕೂರುತ್ತಿದ್ದೆ, ಹೆಚ್ಚಾಗಿ ನೆಲದ ಮೇಲೆ.

ಕೊನೆಗೆ ಮೂರನೆಯ ಹಂತದ ಪರೀಕ್ಷೆ ಬಂತು. ಬೆಂಗಳೂರಿನಿಂದ ಹಿರಿಯ ಮೇಡಂ ಒಬ್ಬರು ಬಂದು ನನ್ನ ತರಗತಿ ನೋಡಿ ಅಂಕ ಕೊಡುವುದು. ಹಿಂದಿನ ಶನಿವಾರವೇ ಎಲ್ಲರನ್ನೂ ಬೇಡಿಕೊಂಡಿದ್ದೆ. ಆ ಒಂದು ದಿನ ನಾನು ನಿಂತಿದ್ದರೂ ನೀವು ಕೂರಬೇಕು, ನನ್ನ ಊರು ನನಗೆ ಸಿಗುವುದು ಅದರ ಮೇಲಿದೆ ಎಂದಿದ್ದೆ.

"ನಿನ್ನ ಸಲುವಾಗಿ ಕುಂಡ್ರತೇವಿ," ಎಂದರು ಅಕ್ಕೋರು. "ಖರೆ, ಮನಸಿಗೆ ಬರಂಗಿಲ್ಲ."

ಆ ದಿನ ಎಲ್ಲರೂ ಕೂತರು, ಕಾದ ಹಂಚಿನ ಮೇಲೆ ಕೂತ ಹಾಗೆ. ನಾನು ನಿಯಮದಂತೆ ಓಡಾಡಿದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಮೇಡಂ ಹಿಂದೆ ಕೂತು ಬರೆಯುತ್ತಿದ್ದರು. ಅಕ್ಕೋರ ಪರದೆಯಲ್ಲಿ ಏನೋ ತಪ್ಪಾಗಿತ್ತು. ಕೇಳಲಾರದೆ, ಬಿಡಲಾರದೆ, ಮೌಸನ್ನು ಸುಮ್ಮನೆ ಅತ್ತಿತ್ತ ಜರುಗಿಸುತ್ತಿದ್ದರು. ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ನನ್ನ ಬಡ್ತಿಗಾಗಿ ಹೀಗೆ ತಡಕಾಡುವುದನ್ನು ನೋಡಲು ನನ್ನಿಂದಾಗಲಿಲ್ಲ. ಉಡುಪಿ ಕೈತಪ್ಪಿತು ಎಂದುಕೊಳ್ಳುತ್ತಲೇ ಚಕ್ರದ ಕುರ್ಚಿ ಎಳೆದು ಅವರ ಪಕ್ಕ ಕೂತೆ. ಕೋಣೆಗೆ ಕೋಣೆಯೇ ಉಸಿರು ಬಿಟ್ಟಿತು. ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು, ಅದರ ಹಿಂದೆ ಇನ್ನೊಂದು. ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು.

"ಯಾಕೆ ಕೂತುಬಿಟ್ಟಿರಿ?" ಎಂದು ಮೇಡಂ ಆಮೇಲೆ ಕೇಳಿದರು.

"ನಾನು ಕೂರದೆ ಇದ್ದರೆ ಇವರು ಏನೂ ಕೇಳುವುದಿಲ್ಲ ಮೇಡಂ."

"ಆ ಅಂಕ ನಾನು ಕೊಡುವ ಹಾಗಿಲ್ಲ," ಎಂದರು. ಎದ್ದು ಹೊರಡುವಾಗ, "ಪ್ರಶ್ನೆಗಳನ್ನು ಬರೆದುಕೊಳ್ಳಲು ಮಾತ್ರ ಜಾಗ ಸಾಲಲಿಲ್ಲ," ಎಂದು ನಕ್ಕರು. ಮೂರನೆಯ ಹಂತ ಸಿಕ್ಕಿತು, ಒದ್ದಾಡಿಕೊಂಡೇ ಸಿಕ್ಕಿತು. ಇದ್ದಲ್ಲಿಯೇ ಉಳಿದು ಈ ಸುತ್ತಮುತ್ತಲಿನ ಹೊಸ ಶಿಕ್ಷಕರನ್ನು ತಯಾರು ಮಾಡಬಹುದು, ಇಲ್ಲವೇ ಉಡುಪಿಗೆ ಹೋಗಬಹುದು. ದೀಪಾವಳಿ ರಜೆ ಮುಗಿಸಿ ಬಂದು ತಿಳಿಸುತ್ತೇನೆ ಎಂದೆ.

ಊರಿಗೆ ಹೋದೆ. ಅಂಗಳದಲ್ಲಿ ಒದ್ದೆ ಮಣ್ಣಿನ ವಾಸನೆ, ಒಳಗೆ ಮೀನುಸಾರಿನ ವಾಸನೆ. ಅಮ್ಮ ಹೊಲಿಗೆ ಯಂತ್ರ ಬಿಟ್ಟು ಓಡಿ ಬಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಯಾಕೆ ನಿಂತೆನೋ ಗೊತ್ತಿಲ್ಲ. ಅಮ್ಮ ಜಗಲಿಯಿಂದ ಕುರ್ಚಿ ತಂದಳು, ಸೆರಗಿನಿಂದ ಒರೆಸಿದಳು.

"ಕೂಕೋ ಮಗಾ, ಅಷ್ಟ್ ದೂರದಿಂದ ಬಂದಿದ್ದಿ."

ನನ್ನ ಅಮ್ಮ ನನಗೆ ಕುರ್ಚಿ ಒರೆಸಿಕೊಟ್ಟದ್ದು ಅದೇ ಮೊದಲು. ಇನ್ನೂ ತಡ ಮಾಡಿದರೆ ಈ ಮನೆಗೆ ನಾನು ಅತಿಥಿಯಾಗಿಯೇ ಉಳಿದುಬಿಡುತ್ತೇನೆ ಅನ್ನಿಸಿತು. ಮರುದಿನವೇ ಸಂಸ್ಥೆಗೆ ಫೋನು ಮಾಡಿ ಉಡುಪಿ ಎಂದು ತಿಳಿಸಿದೆ.

ಇದನ್ನು ಬೈಲಹೊಂಗಲದಲ್ಲೇ ಕೂತು ಬರೆಯುತ್ತಿದ್ದೇನೆ, ಸಾಮಾನು ಅರ್ಧ ಕಟ್ಟಿಯಾಗಿದೆ. ರಜೆಯಿಂದ ಮರಳಿದ ಸಂಜೆ ಅಕ್ಕೋರು ನೆಲದ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಬಾಗಿಲಲ್ಲಿ ನಿಂತೇ ವಿಷಯ ಹೇಳಿದೆ. ಅವರ ಕೈ ನಿಂತಿತು.

"ಚಲೋ ಆತು," ಎಂದರು. "ತಾಯಿ ಕಡೆ ಹೊಂಟೀರಿ."

ಎದ್ದು ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದರು. ಸೆರಗಿನಿಂದ ಒರೆಸಿದರು.

"ಕುಂಡ್ರಿ, ಅಕ್ಕೋರ."

ನನಗೆ ಕೂರಲಾಗಲಿಲ್ಲ. ನಾನು ನಿಂತಿದ್ದೇನೆಂದು ಅವರೂ ಕೂರಲಿಲ್ಲ. ಆ ಮೊದಲ ತರಗತಿಯ ಹಾಗೆ ಇಬ್ಬರೂ ನಿಂತೇ ಇದ್ದೆವು. ಆಮೇಲೆ ನಾನು ಮೊರದ ಪಕ್ಕ ನೆಲದ ಮೇಲೆ ಕುಳಿತು ಶೇಂಗಾ ಸುಲಿಯತೊಡಗಿದೆ.

"ಏಳ ಹುಚ್ಚಿ, ಅರಬಿ ಹೊಲಸ ಆಗ್ತಾವ," ಎಂದು ನನ್ನ ಬಟ್ಟೆ ತೋರಿಸಿದರು.

"ಆಗ್ಲಿ ಬಿಡ್ರಿ," ಎಂದೆ.

ಸ್ವಲ್ಪ ಹೊತ್ತಿಗೆ ಅವರೂ ಕುಳಿತರು. ಕುರ್ಚಿ ನಮ್ಮಿಬ್ಬರ ನಡುವೆ ಖಾಲಿ ಇತ್ತು.